ಹತ್ತಿಗಾಗಿ ಹಚ್ಚಿದ ದೀಪ

ನಮ್ಮ ಆಫೀಸಿನ ಟ್ರೆಕಿಂಗ್ ಗ್ರೂಪಿನಲ್ಲಿ ಪ್ರತಿ ಜಾಗಕ್ಕೂ ಒಂದು ದರ್ಜೆ ಕೊಟ್ಟಿರುತ್ತಾರೆ. ಕುಮಾರಪರ್ವತ ಕಷ್ಟ, ಕೊಡಚಾದ್ರಿ ಮಧ್ಯಮ, ಹೀಗೆ. ಕಾರವಾರದ ಎದುರಿಗಿರುವ ದೇವಗಡ ದ್ವೀಪದ ಲೈಟ್‌ಹೌಸಿನ ಮುಂದೆ ಯಾರೋ 'ಈಜಿ, ವಯಸ್ಸಾದವರೂ ಹೋಗಬಹುದು' ಅಂತ ಬರೆದಿದ್ದರು. ದೋಣಿಯಲ್ಲಿ ಹೋಗಬೇಕು, ಇಳಿದು ಗಿಡಗಳ ನಡುವಿನ ಕಾಲುದಾರಿಯಲ್ಲಿ ಸ್ವಲ್ಪ ಹತ್ತಬೇಕು, ಅಷ್ಟೇ. ಆ ಒಂದು ಸಾಲು ಓದಿದ ಮೇಲೆ ನಾನು ಗೆಳೆಯರ ಜೊತೆ ಹೋಗುವ ವಿಚಾರ ಬಿಟ್ಟು ಊರಿಗೆ ಫೋನ್ ಹಚ್ಚಿದೆ. ಅಪ್ಪನಿಗೆ ಅರವತ್ತೇಳು. ಒಂದು ಮಂಡಿ ಕೈಕೊಟ್ಟಿದೆ. ಚಿಕ್ಕೋಡಿ, ರಾಯಬಾಗ, ಅಥಣಿ, ನಿಪ್ಪಾಣಿ, ಮಿರಜ, ಕೊಲ್ಲಾಪುರ ಇಷ್ಟು ಅವನ ಜಗತ್ತು. ಸಮುದ್ರ ನೋಡಿರಲಿಲ್ಲ.

"ಸಮುದ್ರ ನೋಡಿ ಏನ ಮಾಡೂದೈತಿ?" ಅಂದ. "ಹೊಳಿ ಬಂದಾಗ ಮನಿ ಮುಂದನ ನೋಡೇವಲ್ಲ."

ಅವನ ಮಾತಿನಲ್ಲಿ ತಪ್ಪೇನಿಲ್ಲ. 2005ರಲ್ಲಿ, ಮತ್ತೆ 2019ರಲ್ಲಿ ಕೃಷ್ಣೆ ನಮ್ಮ ಕಬ್ಬಿನ ಮೇಲೆ ಹರಿದು ಅಂಗಳದವರೆಗೂ ಬಂದಿದ್ದಳು. ಆದರೂ ನನಗೆ ಒಂದು ಸಂಗತಿ ಯಾವಾಗಲೂ ವಿಚಿತ್ರ ಅನಿಸುತ್ತದೆ. ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಗೆ ಅರಬ್ಬೀ ಸಮುದ್ರ 64 ಕಿಲೋಮೀಟರ್ ಅಷ್ಟೇ ದೂರ. ಆಕೆ ಅದಕ್ಕೆ ಬೆನ್ನು ಹಾಕಿ 1400 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ನಾವು ಆಕೆಯ ದಂಡೆಯ ಮೇಲೆ ಬೆಳೆದವರು, ನಾವೂ ಹಾಗೇ. ನಿಪ್ಪಾಣಿಯಿಂದ ವೆಂಗುರ್ಲಾದ ಕಡಲಿಗೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರ್ ಆಸುಪಾಸು. ಆದರೆ ನಮ್ಮ ಶಾಲೆಯಲ್ಲಿ ಓದಿದ ಇತಿಹಾಸದಲ್ಲಿ ಸಮುದ್ರ ಅಂದರೆ ವಾಸ್ಕೋ ಡ ಗಾಮ. ಅದು ಬೇರೆಯವರ ವಿಷಯ.

ಆ ಲೈಟ್‌ಹೌಸಿನ ಬಗ್ಗೆ ಸ್ವಲ್ಪ ಓದೋಣ ಅಂತ ಕೂತಾಗ ಮೊದಲು ಕಣ್ಣಿಗೆ ಬಿದ್ದದ್ದು ಇಸವಿ, 1864. ಇಂಗ್ಲಿಷ್ ನಕಾಶೆಗಳಲ್ಲಿ ಆ ಬಂಡೆಗಳ ಗುಂಪಿಗೆ ಆಯ್ಸ್ಟರ್ ರಾಕ್ಸ್ ಅಂತ ಹೆಸರು. ಕನ್ನಡ ಕರಾವಳಿಯಲ್ಲಿ ನಮಗೆಲ್ಲ ಗೊತ್ತಿರುವ, ಎಲ್ಲರ ಫೋಟೋದಲ್ಲಿ ಇರುವ ಕಾಪು ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಅದಕ್ಕಿಂತ 37 ವರ್ಷ ಮೊದಲು, ಮೀನುಗಾರರ ಕೇರಿಗಳು ಬಿಟ್ಟರೆ ಹೆಚ್ಚೇನೂ ಇಲ್ಲದ ಒಂದು ಕೊಲ್ಲಿಯ ಬಾಯಲ್ಲಿ ಬ್ರಿಟಿಷರು ಅಷ್ಟು ಅವಸರದಿಂದ ದೀಪ ಯಾಕೆ ಹಚ್ಚಿದರು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಉತ್ತರ ಸಮುದ್ರದಲ್ಲಿ ಸಿಗುವುದಿಲ್ಲ. ಘಟ್ಟ ಹತ್ತಿ ಮೇಲೆ ಬಂದು ನಮ್ಮ ಎರೆ ಹೊಲಗಳಲ್ಲಿ ಸಿಗುತ್ತದೆ.

ಜನವರಿಯ ಒಂದು ಶನಿವಾರ ಬೆಳಗಾವಿ, ಖಾನಾಪುರ, ರಾಮನಗರ, ಜೋಯಿಡಾ ದಾಟಿ ಅಣಶಿ ಘಟ್ಟ ಇಳಿದೆವು. ಅಪ್ಪ ಮುಂದಿನ ಸೀಟಿನಲ್ಲಿ ಕೂತು ಗಾಜು ಇಳಿಸಿಕೊಂಡು ಗಿಡ ಎಣಿಸುವವನಂತೆ ನೋಡುತ್ತಿದ್ದ. "ಇಷ್ಟು ಗಿಡದಾಗ ಚಕ್ಕಡಿ ಹೆಂಗ ಇಳಿಸಿದ್ದಾರೋ" ಅಂದ. ನಾನು ಇನ್ನೂ ಹತ್ತಿಯ ಕಥೆ ಹೇಳಿರಲಿಲ್ಲ. ರೈತನಿಗೆ ರಸ್ತೆ ಕಂಡರೆ ಮೊದಲು ಹೊಳೆಯುವುದು ಹೇರು ಹೇಗೆ ಸಾಗುತ್ತದೆ ಅನ್ನುವುದೇ.

ಅನುಮತಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ದೀಪಸ್ತಂಭಗಳು ಕೇಂದ್ರ ಸರ್ಕಾರದ ದೀಪಸ್ತಂಭ ಇಲಾಖೆಯ ಆಸ್ತಿ. ಪಕ್ಕದಲ್ಲೇ ನೌಕಾಪಡೆಯ ಕದಂಬ ನೆಲೆ ಇದೆ. ಸುಮ್ಮನೆ ದೋಣಿ ಹತ್ತಿ ಹೊರಡುವ ಹಾಗಿಲ್ಲ, ವಿಚಾರಿಸಿಕೊಂಡು ಹೋಗಬೇಕು. ಮಳೆಗಾಲದಲ್ಲಂತೂ ಆ ಕಡೆ ತಲೆ ಹಾಕಬೇಡಿ.

ದೋಣಿಯವನದು ಕೊಂಕಣಿ. ಅಪ್ಪ ಮರಾಠಿಯಲ್ಲಿ ಮಾತು ಶುರು ಮಾಡಿದ. ನಮ್ಮ ಕಡೆ ಸಂತೆಯ ಭಾಷೆ ಅದು, ಕನ್ನಡದಷ್ಟೇ ಸಲೀಸು. ಆತ ಕೊಂಕಣಿಯಲ್ಲೇ ಉತ್ತರಿಸಿದ. ಡೀಸೆಲ್ ರೇಟು, ಬಂಗಡೆ ರೇಟು, ಕಬ್ಬಿನ ರೇಟು ಎಲ್ಲ ಮುಗಿಸಿ ಇಬ್ಬರೂ ನನ್ನ ಕಡೆ ನೋಡಿ ನಕ್ಕರು. ಯಾಕೆ ಅಂತ ನನಗೆ ಗೊತ್ತಾಗಲಿಲ್ಲ. ಬಂಡೆಯ ಹತ್ತಿರ ದೋಣಿ ಕುಣಿಯತೊಡಗಿದಾಗ ಮಾತ್ರ ಆತ ಕನ್ನಡಕ್ಕೆ ಬಂದ. "ಅಜ್ಜ, ಅವಸರ ಬೇಡ, ಕಾಲು ಜಾರ್ತದೆ." ಇಬ್ಬರೂ ಎರಡು ಕಡೆ ಹಿಡಿದು ಅಪ್ಪನನ್ನು ಇಳಿಸಿದೆವು. ಇಡೀ ಪ್ರಯಾಣದಲ್ಲಿ ಕಷ್ಟ ಅಂತ ಇದ್ದದ್ದು ಆ ಮೂರು ಹೆಜ್ಜೆ.

ಅಲ್ಲಿಂದ ಮೇಲೆ ದಾರಿ ನಿಜಕ್ಕೂ ಸುಲಭ. ಗಿಡಗಳು ಮೇಲೆ ಕೂಡಿಕೊಂಡು ನೆರಳು, ಕಾಲ ಕೆಳಗೆ ಕೆಂಪು ಕಲ್ಲು ಮತ್ತು ಒಣ ಎಲೆ, ಎಡಕ್ಕೆ ಆಗಾಗ ಗಿಡಗಳ ಸಂದಿಯಲ್ಲಿ ನೀಲಿ. ಸಮುದ್ರದ ಸಪ್ಪಳ ಒಂದು ತಿರುವಿನಲ್ಲಿ ಇರುತ್ತದೆ, ಮುಂದಿನ ತಿರುವಿನಲ್ಲಿ ಇರುವುದಿಲ್ಲ. ಅಪ್ಪ ಎರಡು ಸಲ ಕೂತ. ಒಂದು ಸಲ ಕವಳಿ ಕಂಟಿ ಕಂಡಿತು ಅಂತ, ಇನ್ನೊಂದು ಸಲ ಮಂಡಿಗಾಗಿ. ನಿಮ್ಮಂಥ ಮೂವತ್ತರ ಆಸುಪಾಸಿನವರಿಗೆ ಇದು ಟ್ರೆಕ್ ಅಂತ ಕರೆಯಲಿಕ್ಕೂ ನಾಚಿಕೆ ಆಗಬಹುದು.

ಕೊನೆಯ ತಿರುವಿನ ಮೇಲೆ ದುಂಡನೆಯ ಕಲ್ಲಿನ ಗೋಪುರ. ಸುಮಾರು 20 ಮೀಟರ್ ಎತ್ತರ. ಗುಡ್ಡದ ಎತ್ತರವೂ ಸೇರುವುದರಿಂದ ದೊಡ್ಡ ಗೋಪುರದ ಅಗತ್ಯವೇ ಬಿದ್ದಿಲ್ಲ. ಅಪ್ಪ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿ, "ದೀಪಮಾಲಿ ಕಂಬ ಇದ್ದಂಗ ಐತಿ" ಅಂದ. ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋದವರಿಗೆ ಅರ್ಥವಾಗುತ್ತದೆ, ಗುಡಿಯ ಮುಂದೆ ಸಾಲು ಸಾಲು ದೀಪ ಇಡುವ ಕಲ್ಲಿನ ಕಂಬ. ಒಳಗಿನ ಮೆಟ್ಟಿಲು ಹತ್ತುವ ಆಸೆ ಅವನ ಮಂಡಿಯ ಸಲುವಾಗಿ ಬಿಟ್ಟೆವು. ನೆರಳಿನಲ್ಲಿ ಕೂತು, ಅವ್ವ ಕಟ್ಟಿಕೊಟ್ಟ ರೊಟ್ಟಿ ಬಿಚ್ಚಿ, ಅವನಿಗೆ ಓದಿದ್ದನ್ನು ಹೇಳತೊಡಗಿದೆ. ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

1860ರ ಹೊತ್ತಿಗೆ ಇಂಗ್ಲೆಂಡಿನ ಲ್ಯಾಂಕಶೈರ್ ಭಾಗದಲ್ಲಿ ಲಕ್ಷಾಂತರ ಜನರ ಅನ್ನ ಹತ್ತಿಯ ಗಿರಣಿಗಳಿಂದ ಬರುತ್ತಿತ್ತು. ಆ ಗಿರಣಿಗಳ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳದು, ಅಂದರೆ ಗುಲಾಮರು ಬೆಳೆದದ್ದು. ಅಲ್ಲಿ ಯುದ್ಧದ ಮೋಡ ಕಟ್ಟುತ್ತಿದ್ದ ಹಾಗೆ ಮ್ಯಾಂಚೆಸ್ಟರಿನ ಸಾಹುಕಾರರಿಗೆ ಹೆದರಿಕೆ ಹತ್ತಿತು. ಬೇರೆ ಎಲ್ಲಿ ಹತ್ತಿ ಸಿಗುತ್ತದೆ? ನಕಾಶೆಯ ಮೇಲೆ ಅವರ ಬೆರಳು ಹುಡುಕಿದ ಜಾಗಗಳಲ್ಲಿ ಧಾರವಾಡ ಒಂದು.

ಅದಕ್ಕೆ ಕಾರಣ ಇತ್ತು. 1840ರ ದಶಕದಲ್ಲೇ ಕಂಪನಿ ಸರ್ಕಾರ ಅಮೆರಿಕದಿಂದ ತೋಟಗಾರರನ್ನು ಕರೆಸಿ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಹಾಕಿಸಿ ನೋಡಿತ್ತು. ಭಾರತದ ಬಹಳ ಕಡೆ ಸೋತ ಆ ಪ್ರಯೋಗ ಧಾರವಾಡ ಜಿಲ್ಲೆಯ ಎರೆ ಭೂಮಿಯಲ್ಲಿ ಹಿಡಿದುಕೊಂಡಿತು. 'ಧಾರವಾಡ ಅಮೆರಿಕನ್' ಅಂತ ಅದಕ್ಕೆ ಹೆಸರಾಯಿತು. ನಮ್ಮ ದೇಶಿ ಹತ್ತಿಯಂತೂ ಮೊದಲಿನಿಂದ ಇದ್ದೇ ಇತ್ತು. ಅದನ್ನು ಲಿವರ್‌ಪೂಲ್ ಪೇಟೆಯಲ್ಲಿ 'ಕುಮಟಾ ಹತ್ತಿ' ಅಂತ ಕರೆಯುತ್ತಿದ್ದರು. ಕುಮಟಾದಲ್ಲಿ ಹತ್ತಿ ಬೆಳೆಯುತ್ತದೆಯೇ? ಅಲ್ಲಿ ಬೆಳೆಯುವುದು ಭತ್ತ, ತೆಂಗು. ಗದಗ, ಹುಬ್ಬಳ್ಳಿ ಕಡೆಯ ರೈತ ಬೆಳೆದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು, ಅದಕ್ಕೇ ಆ ಹೆಸರು. ಬೆಳೆದವನ ಊರು ಬಿಟ್ಟು ಸಾಗಿಸಿದ ಬಂದರಿನ ಹೆಸರು ನಿಂತಿತು.

ಈ ಮಾತಿಗೆ ಅಪ್ಪ ತಲೆ ಅಲ್ಲಾಡಿಸಿದ. "ಹಂಗಾದ್ರ ನಿಪ್ಪಾಣಿ ತಂಬಾಕನೂ ಎಲ್ಲಾ ನಿಪ್ಪಾಣ್ಯಾಗ ಬೆಳಿತೈತೇನು?" ಅಂದ. ನಮ್ಮ ಸುತ್ತಲಿನ ಎಷ್ಟೋ ಹಳ್ಳಿಯ ತಂಬಾಕು ಪೇಟೆಗೆ ಹೋದ ಮೇಲೆ ನಿಪ್ಪಾಣಿಯದೇ.

ಕುಮಟಾದ ತೊಂದರೆ ಏನೆಂದರೆ ಅದು ಬಯಲು ಬಂದರು. ಹಡಗುಗಳು ದೂರ ನಿಲ್ಲಬೇಕು, ಜೂನಿನಲ್ಲಿ ಮಳೆ ಹಿಡಿದರೆ ಎಲ್ಲ ಬಂದ್. ಅಂಡಿಗೆಗಳು ಗೋದಾಮಿನಲ್ಲೋ ದಂಡೆಯ ಮೇಲೋ ಮುಂದಿನ ಹಂಗಾಮಿನವರೆಗೆ ಕೂಡಬೇಕು. ಅದೇ ಸ್ವಲ್ಪ ಉತ್ತರಕ್ಕೆ ಕಾಳಿ ನದಿಯ ಬಾಯಲ್ಲಿ, ಸದಾಶಿವಗಡದ ಕೋಟೆಯ ಪಕ್ಕದಲ್ಲಿ, ಗುಡ್ಡ ಮತ್ತು ದ್ವೀಪಗಳ ಮರೆಯಲ್ಲಿ ಒಳ್ಳೆಯ ಕೊಲ್ಲಿ ಇತ್ತು. ಮ್ಯಾಂಚೆಸ್ಟರಿನವರ ಬಾಯಲ್ಲಿ ಆ ಸದಾಶಿವಗಡ 'ಸೆದಾಶೆಗರ್' ಆಯಿತು. ಆ ಹೆಸರು ಆಗಿನ ಇಂಗ್ಲಿಷ್ ಕಾಗದಪತ್ರಗಳಲ್ಲಿ ಹೇಗೆ ತಿರುಗಿತೆಂದರೆ, ಸ್ಟಾರ್ಟಪ್ ಕಾಲದಲ್ಲಿ ನಮ್ಮಲ್ಲಿ ಒಂದೊಂದು ಹೊಸ ಟೆಕ್ನಾಲಜಿಯ ಹೆಸರು ತಿರುಗುತ್ತದಲ್ಲ, ಹಾಗೆ. 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹುಟ್ಟಿತು. ಸದಾಶಿವಗಡಕ್ಕೆ ಯಂತ್ರ ತರುವುದು, ಒಳನಾಡಿನಿಂದ ನೇರವಾಗಿ ಹತ್ತಿ ಕೊಳ್ಳುವುದು, ಅಲ್ಲಿಂದಲೇ ಹಡಗು ಹತ್ತಿಸುವುದು ಅವರ ಯೋಜನೆ.

ಆದರೆ ಆ ಕೊಲ್ಲಿ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಹತ್ತಿ ಬೆಳೆಯುವ ಧಾರವಾಡ, ಬೆಳಗಾವಿ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. ಘಟ್ಟದ ರಸ್ತೆಯನ್ನು ಮದ್ರಾಸಿನವರು ಮಾಡಬೇಕು, ಲಾಭ ಮುಂಬೈಯವರಿಗೆ. ಮದ್ರಾಸಿಗೆ ಯಾಕೆ ಅವಸರ ಇರುತ್ತದೆ? ಎರಡು ಟೀಮಿನ ನಡುವೆ ಬಿದ್ದ ಕೆಲಸದ ಗತಿ ನಿಮಗೆ ಗೊತ್ತಲ್ಲ. ಕಂಪನಿಯವರು ಯಂತ್ರ ಹೊತ್ತು ಬಂದಾಗ ಸರಕು ಇಳಿಸುವ ಕಟ್ಟೆಯೂ ತಯಾರಿರಲಿಲ್ಲ, ಘಟ್ಟದ ರಸ್ತೆಯೂ ಮುಗಿದಿರಲಿಲ್ಲ. ದೂರು ಲಂಡನ್ನಿನವರೆಗೆ ಹೋಯಿತು.

ಅದಕ್ಕೆ ಸಿಕ್ಕ ಪರಿಹಾರ ನೋಡಿ. ರಸ್ತೆ ಬೇಗ ಮುಗಿಸಿ ಅನ್ನುವಲ್ಲಿಗೆ ಮಾತು ನಿಲ್ಲಲಿಲ್ಲ, ಗಡಿಯನ್ನೇ ಸರಿಸಿದರು. ಕೆನರಾ ಜಿಲ್ಲೆಯನ್ನು ಆಗಲೇ ಉತ್ತರ, ದಕ್ಷಿಣ ಅಂತ ಎರಡು ಮಾಡಿದ್ದರು. 1862ರಲ್ಲಿ ಉತ್ತರ ಕೆನರಾವನ್ನು, ಕುಂದಾಪುರ ತಾಲೂಕು ಒಂದನ್ನು ಬಿಟ್ಟು, ಮುಂಬೈ ಪ್ರಾಂತ್ಯಕ್ಕೆ ಕೊಟ್ಟರು. ಕುಂದಾಪುರ ಮದ್ರಾಸಿನಲ್ಲೇ ಉಳಿಯಿತು, ಭಟ್ಕಳ ಮುಂಬೈಗೆ ಹೋಯಿತು. ಕಾರವಾರ ಜಿಲ್ಲಾ ಕೇಂದ್ರವಾಯಿತು, ಹೊಸ ಪಟ್ಟಣ ಎದ್ದಿತು, ಕಚೇರಿಗಳು ಬಂದವು. ಕೈಗಾ, ಅರಬೈಲು ಘಟ್ಟಗಳ ರಸ್ತೆಗೆ ದುಡ್ಡು ಬಂತು. ಆ ಸರಣಿಯ ಕೊನೆಯಲ್ಲಿ, 1864ರಲ್ಲಿ, ದೇವಗಡದ ನೆತ್ತಿಯ ಮೇಲೆ ಈ ದೀಪ.

ನಾನು ಗಡಿಯಲ್ಲಿ ಹುಟ್ಟಿ ಬೆಳೆದವನು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು ಅನಿಸುತ್ತದೆ. ನಮ್ಮ ಕಡೆ ಗಡಿ ಅನ್ನುವುದು ಪಠ್ಯಪುಸ್ತಕದ ಗೆರೆ ಅಲ್ಲ. ಅದು ಬಸ್ಸಿನ ಬೋರ್ಡು, ಶಾಲೆಯ ಮಾಧ್ಯಮ, ನವೆಂಬರ್ 1ರಂದು ಯಾವ ಬೀದಿಯಲ್ಲಿ ಯಾವ ಬಾವುಟ ಅನ್ನುವುದು. ಕಾಗವಾಡದಿಂದ ಮಿರಜಕ್ಕೆ ಹಾಲು ಕುಡಿಯುವಷ್ಟರಲ್ಲಿ ಹೋಗಿ ಬರಬಹುದು, ಆದರೆ ನಡುವೆ ಎರಡು ರಾಜ್ಯ. ರಾಯಬಾಗ ಸ್ವಾತಂತ್ರ್ಯ ಬರುವವರೆಗೂ ಕೊಲ್ಲಾಪುರ ಸಂಸ್ಥಾನದಲ್ಲಿತ್ತು, ಪಕ್ಕದ ಅಥಣಿ, ಚಿಕ್ಕೋಡಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ಗಡಿ ಯಾಕೆ ಇಲ್ಲಿದೆ ಅಂತ ಜಗಳ ಬಂದಾಗ ಎಲ್ಲರೂ ಭಾಷೆ, ಶಾಸನ, ರಾಜವಂಶ ತರುತ್ತಾರೆ. ಕನ್ನಡ ಕರಾವಳಿಯನ್ನು 94 ವರ್ಷ ಎರಡು ಪ್ರಾಂತ್ಯಗಳ ನಡುವೆ ಹರಿದಿಟ್ಟ ಗೆರೆಯ ಹಿಂದೆ ಇದ್ದದ್ದು ಮುಖ್ಯವಾಗಿ ಹತ್ತಿಯ ಅಂಡಿಗೆಗಳ ಅನುಕೂಲ. 1956ರ ನವೆಂಬರ್ 1ಕ್ಕೆ ಮುಂಬೈ ಕಡೆಯಿಂದ ಉತ್ತರ ಕನ್ನಡ, ಬೆಳಗಾವಿ, ಧಾರವಾಡ, ವಿಜಾಪುರ, ಮದ್ರಾಸ್ ಕಡೆಯಿಂದ ದಕ್ಷಿಣ ಕನ್ನಡ ಬಂದು ಸೇರಿದಾಗ ಆ ಗೆರೆ ಅಳಿಯಿತು. ದೀಪ ಮಾತ್ರ ಮೊದಲಿನಂತೆ ಉರಿಯುತ್ತಲೇ ಇತ್ತು.

ಹತ್ತಿಯ ಕಥೆ ಎಲ್ಲಿಗೆ ಬಂತು? 1861ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧ ಶುರುವಾಯಿತು. ಲಿಂಕನ್ ಸರ್ಕಾರ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಮುಂಬೈಯಲ್ಲಿ ಹತ್ತಿಯ ಬೆಲೆ ಕೆಲವೇ ವರ್ಷದಲ್ಲಿ ಹಲವು ಪಟ್ಟು ಏರಿತು. ರೈತರು ಚಕ್ಕಡಿ ಗಾಲಿಗೆ ಬೆಳ್ಳಿಯ ಪಟ್ಟಿ ಹಾಕಿಸಿದರು ಅನ್ನುವಂಥ ಮಾತು ಆ ಕಾಲದ ಅಧಿಕಾರಿಗಳ ಬರಹಗಳಿಂದ ಹೊರಟು ಇವತ್ತಿಗೂ ಪುಸ್ತಕಗಳಲ್ಲಿ ಓಡಾಡುತ್ತದೆ.

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಬೆಳ್ಳಿ ಪಟ್ಟಿ? ಯಾರ ಗಾಲಿಗೆ?"

"ರೈತರ ಗಾಲಿಗೆ, ಅಂತ ಬರದಾರ."

"ಬರದವರು ರೈತರೇನು?"

ಈ ಪ್ರಶ್ನೆಗೆ ನಾನು ತಯಾರಾಗಿ ಹೋಗಿರಲಿಲ್ಲ. ಆದರೆ ಅದರ ಉತ್ತರ ಇತಿಹಾಸದಲ್ಲಿ ಇದೆ. ದುಡ್ಡು ಬಂದದ್ದು ಸುಳ್ಳಲ್ಲ, ಹತ್ತಿ ಬೆಳೆದವರ ಕೈಯಲ್ಲಿ ನಾಲ್ಕು ವರ್ಷ ರೊಕ್ಕ ಓಡಾಡಿತು. ಆದರೆ ಬಿತ್ತುವ ಮೊದಲೇ ಸಾಹುಕಾರನ ಮುಂಗಡ ತೆಗೆದುಕೊಂಡವನ ಬೆಳೆ ಕಾಯಿ ಬಿಡುವ ಹೊತ್ತಿಗೆ ಅವನದಾಗಿರುತ್ತಿರಲಿಲ್ಲ. ಬೆಲೆ ಏರಿದ ಹಾಗೆ ಸಾಲವೂ ಸಲೀಸಾಗಿ ಸಿಕ್ಕಿತು. ಏರಿದ ಬೆಲೆಯ ಆ ವರ್ಷಗಳನ್ನು ನೋಡಿ ಸರ್ಕಾರ ಹೊಸ ಜಮಾಬಂದಿಯಲ್ಲಿ ಕಂದಾಯ ಏರಿಸಿತು. 1865ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಜುಲೈ ಹೊತ್ತಿಗೆ ಮುಂಬೈಯ ಶೇರುಪೇಟೆ ಕುಸಿದು ಪ್ರೇಮಚಂದ್ ರಾಯಚಂದ್‌ನಂಥ ಕುಳಗಳೇ ಮುಳುಗಿದರು. ಹತ್ತಿಯ ಬೆಲೆ ಇಳಿಯಿತು, ಸಾಲ ಮತ್ತು ಕಂದಾಯ ಇಳಿಯಲಿಲ್ಲ. ಹತ್ತು ವರ್ಷದ ನಂತರ, 1875ರಲ್ಲಿ, ಪುಣೆ ಮತ್ತು ಅಹ್ಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟರು. ಸಾಮಾನಿಗಿಂತ ಕಾಗದಕ್ಕೇ ಅವರು ಕೈಹಾಕಿದ್ದು ಹೆಚ್ಚು. ಡೆಕ್ಕನ್ ದಂಗೆ ಅಂತ ಇತಿಹಾಸದಲ್ಲಿ ಕರೆಯುವುದು ಇದನ್ನೇ. ಹತ್ತಿಯ ಅಬ್ಬರದ ಕಾಲದ ಸಾಲ ಅದರ ಬೇರುಗಳಲ್ಲಿ ಒಂದು.

ಮ್ಯಾಂಚೆಸ್ಟರ್ ಕಾಟನ್ ಕಂಪನಿ ಬಹಳ ದಿನ ಬಾಳಲಿಲ್ಲ. ಅಲ್ಲಿಂದ ಇಲ್ಲಿಯ ಹಳ್ಳಿಗೆ ನೇರ ಬಂದು ಹತ್ತಿ ಕೊಳ್ಳುವುದು ಅವರು ಅಂದುಕೊಂಡಷ್ಟು ಸರಳ ಇರಲಿಲ್ಲ. ನಡುವೆ ಇದ್ದ ಅಡತಿ, ದಲಾಲಿ, ಮುಂಗಡದ ಜಾಲ ಅವರಿಗೆ ಒಳಗೆ ಜಾಗ ಕೊಡಲಿಲ್ಲ. ಆ್ಯಪ್ ಮಾಡಿ ಮಧ್ಯವರ್ತಿಗಳನ್ನು ತೆಗೆದುಹಾಕುತ್ತೇವೆ ಅಂತ ಹೊರಟ ಕೃಷಿ ಸ್ಟಾರ್ಟಪ್‌ಗಳನ್ನು ನೋಡಿದವನಿಗೆ ಈ ಪುಟಗಳು ಓದುವಾಗ ನಗು ಬರುತ್ತದೆ. ಅದರಲ್ಲಿ ಒಂದರಲ್ಲಿ ನಾನೂ ಎರಡು ವರ್ಷ ಕೋಡ್ ಬರೆದಿದ್ದೆ, ಆದ್ದರಿಂದ ಪೂರ್ತಿ ನಗಲಿಕ್ಕೂ ಆಗುವುದಿಲ್ಲ.

ಇನ್ನು ಕಥೆಯ ಅರ್ಧಭಾಗ ಇದೆ, ಅದು ನನ್ನನ್ನು ಹೆಚ್ಚು ಕಾಡಿದ್ದು. 1876ರಲ್ಲಿ ಮಳೆ ಕೈಕೊಟ್ಟಿತು. ಸಂವತ್ಸರದ ಲೆಕ್ಕದಲ್ಲಿ ಧಾತು, ಅದರ ಮುಂದಿನದು ಈಶ್ವರ. ಹಳೇ ಮೈಸೂರಿನಲ್ಲಿ ಧಾತು-ಈಶ್ವರ ಬರ ಅಂತ ನೆನಪಿಟ್ಟುಕೊಂಡದ್ದು ಇದನ್ನೇ. ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳೂ, ಬೆಳಗಾವಿ, ಧಾರವಾಡ, ಆಗಿನ ಕಲಾದಗಿ, ನೆಲ ಕಚ್ಚಿದವು. 1872ರ ಗಣತಿಯಲ್ಲಿ ಒಂಬತ್ತು ಲಕ್ಷಕ್ಕೂ ಮೇಲಿದ್ದ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 1881ರ ಗಣತಿಯಲ್ಲಿ 8.64 ಲಕ್ಷ. ಒಂಬತ್ತು ವರ್ಷದಲ್ಲಿ ಮಂದಿ ಹೆಚ್ಚಾಗಬೇಕಿತ್ತು, ಕಡಿಮೆಯಾದರು. ಸತ್ತವರು ಎಷ್ಟು, ಹೊಟ್ಟೆ ಹಿಡಿದು ಊರು ಬಿಟ್ಟವರು ಎಷ್ಟು, ಎಲ್ಲ ಆ ಒಂದು ಕಳೆಯುವ ಲೆಕ್ಕದೊಳಗೆ.

ಆಗ ನಮ್ಮ ಕಡೆ ರೈಲು ಇರಲಿಲ್ಲ. ಹತ್ತಿರದ ರೈಲು ಅಂದರೆ ಸೊಲ್ಲಾಪುರ. ಕಾಳು ಬರಬೇಕಾದದ್ದು ಸಮುದ್ರದಿಂದ. ಮುಂಬೈಯಿಂದ ಹಡಗಿನಲ್ಲಿ ಬಂದ ಧಾನ್ಯ ಕಾರವಾರ, ಕುಮಟಾ, ವೆಂಗುರ್ಲಾಗಳಲ್ಲಿ ಇಳಿದು, ಹತ್ತಿಗಾಗಿ ಕಡಿದ ಅದೇ ಘಟ್ಟದ ರಸ್ತೆಗಳಲ್ಲಿ ಮೇಲೆ ಬಂತು. ನಮ್ಮ ಚಿಕ್ಕೋಡಿ, ನಿಪ್ಪಾಣಿ ಭಾಗದ ದಾರಿ ಅಂಬೋಲಿ ಘಟ್ಟದ ವೆಂಗುರ್ಲಾ ದಾರಿ, ಧಾರವಾಡದವರದು ಕಾರವಾರ ಮತ್ತು ಕುಮಟಾ ದಾರಿ. ಚಕ್ಕಡಿ ಎಳೆಯುವ ಎತ್ತಿಗೇ ಮೇವಿಲ್ಲದ ವರ್ಷ ಅದು. ಬಂದದ್ದು ಸಾಲಲಿಲ್ಲ, ಬಂದದ್ದಕ್ಕೆ ದುಡ್ಡು ಕೊಡುವ ಶಕ್ತಿ ಬಹಳ ಜನಕ್ಕಿರಲಿಲ್ಲ. ಆದರೆ ಬಂತು. ಲ್ಯಾಂಕಶೈರಿನ ಮಗ್ಗಕ್ಕಾಗಿ ಹಚ್ಚಿದ ದೀಪದ ಬೆಳಕಿನಲ್ಲಿ, ಹದಿಮೂರು ವರ್ಷದ ಮೇಲೆ, ಜೋಳ ಅಕ್ಕಿ ಹೊತ್ತ ಹಡಗುಗಳು ದಾರಿ ನೋಡಿಕೊಂಡು ಒಳಗೆ ಬಂದವು.

ಇದನ್ನು ಹೇಳಿದಾಗ ಅಪ್ಪ ಸುಮ್ಮನಾದ. ಆಮೇಲೆ, "ನಮ್ಮ ಮುತ್ಯಾ ಹೇಳತಿದ್ದ" ಅಂದ. ಅವರ ಹಿರಿಯರೊಬ್ಬರು ಬರಗಾಲದಾಗ ಎತ್ತು ಬಿಟ್ಟು, ಹೆಂಡಿರು ಮಕ್ಕಳನ್ನು ಕರೆದುಕೊಂಡು ಘಟ್ಟದ ಕಡೆ ಹೋಗಿದ್ದರಂತೆ, ಕೆಲಸಕ್ಕೆ. ತಿರುಗಿ ಬಂದವರು ಇಬ್ಬರೇ. ಯಾವ ಬರ, ಯಾವ ಘಟ್ಟ ಅಂತ ಯಾರಿಗೂ ನೆನಪಿಲ್ಲ. ಮೂವತ್ತೈದು ವರ್ಷ ಅದೇ ಮನೆಯಲ್ಲಿ ಹೋಗಿ ಬಂದು ಮಾಡಿದ ನಾನು ಈ ಮಾತು ಕೇಳಿದ್ದು ಅವತ್ತೇ ಮೊದಲು, ಒಂದು ದ್ವೀಪದ ಮೇಲೆ.

ಬರ ದಾಟಿದ ಮೇಲೆ ಕಾರವಾರದ ಅದೃಷ್ಟ ಬೇಗ ಮುಗಿಯಿತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಬರುತ್ತದೆ ಅನ್ನುವ ಭರವಸೆಯ ಮೇಲೆ ಪಟ್ಟಣ ನಿಂತಿತ್ತು. 1878ರಲ್ಲಿ ಬ್ರಿಟಿಷರು ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡರು, 1880ರ ದಶಕ ಮುಗಿಯುವಷ್ಟರಲ್ಲಿ ಗೋವಾದ ಮುರಗಾಂವ ಬಂದರಿನಿಂದ ಕ್ಯಾಸಲ್‌ರಾಕ್, ಲೋಂಡಾ ಮೂಲಕ ಹುಬ್ಬಳ್ಳಿಗೆ ರೈಲು ಓಡಿತು. ಲೋಂಡಾದಿಂದ ಇನ್ನೊಂದು ಹಳಿ ಬೆಳಗಾವಿ ದಾಟಿ ಮಿರಜ, ಪುಣೆಯ ಕಡೆ ಹೋಯಿತು. ರಾಯಬಾಗ, ಕುಡಚಿ, ಉಗಾರ, ಶೇಡಬಾಳ ಸ್ಟೇಷನ್ನುಗಳು ಹುಟ್ಟಿದ್ದು ಆ ಹಳಿಯ ಮೇಲೆ. ಚಿಕ್ಕೋಡಿ ರೋಡ್ ಅಂತ ಒಂದು ಸ್ಟೇಷನ್ ಇದೆ. ಚಿಕ್ಕೋಡಿ ಅಂತ ನಂಬಿ ಇಳಿದರೆ ಊರು ಸೇರಲು ಮತ್ತೆ ಗಾಡಿ ಹಿಡಿಯಬೇಕು, ಎಚ್ಚರಿಕೆ. ನಮ್ಮ ಸರಕು ಘಟ್ಟ ಇಳಿಯುವುದನ್ನು ಬಿಟ್ಟು ರೈಲು ಹತ್ತಿ ಮುಂಬೈಗೆ ಹೋಗತೊಡಗಿತು. ವೆಂಗುರ್ಲಾ, ಕಾರವಾರ ಎರಡೂ ಹಿಂದೆ ಉಳಿದವು. ಸಮುದ್ರ ನಮ್ಮ ನೆನಪಿನಿಂದ ಇಳಿದುಹೋದದ್ದು ಆಗಲೇ ಇರಬೇಕು. 1880ರ ದಶಕದ ಮೊದಲಿಗೆ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ರವೀಂದ್ರನಾಥ ಠಾಕೂರರು ಬಂದು ಉಳಿದಿದ್ದರು. ಇಪ್ಪತ್ತರ ಹರೆಯದ ಕವಿಗೆ ಬೇಕಾದಷ್ಟು ಶಾಂತಿ ಆಗಲೇ ಕಾರವಾರದಲ್ಲಿ ಇತ್ತು. ಹುಬ್ಬಳ್ಳಿ-ಅಂಕೋಲಾ ರೈಲಿನ ಸುದ್ದಿ ನೀವು ಈಗಲೂ ಪತ್ರಿಕೆಯಲ್ಲಿ ಓದುತ್ತಿರಬಹುದು.

ದೀಪದ ಬಗ್ಗೆ ಎರಡು ಮಾತು, ಇಂಜಿನಿಯರನ ಚಟ. ದೀಪಸ್ತಂಭದ ಗುಟ್ಟು ಬತ್ತಿಯಲ್ಲಿಲ್ಲ, ಗಾಜಿನಲ್ಲಿದೆ. ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ 1820ರ ದಶಕದಲ್ಲಿ ಮಾಡಿದ ಉಪಾಯ ಅದು. ದಪ್ಪ ಮಸೂರವನ್ನು ಉಂಗುರ ಉಂಗುರವಾಗಿ ಕತ್ತರಿಸಿ ಜೋಡಿಸಿದರೆ, ಸುತ್ತಲೂ ಚೆಲ್ಲಿಹೋಗುವ ಬೆಳಕೆಲ್ಲ ಒಂದು ಕೋಲಾಗಿ ದಿಗಂತದ ಕಡೆ ಹೋಗುತ್ತದೆ. ಆಮೇಲೆ ಬಂದದ್ದು ಮಿಣುಕಿನ ಲೆಕ್ಕ. ಅಕ್ಕಪಕ್ಕದ ಎರಡು ದೀಪಸ್ತಂಭಗಳ ತಾಳ ಒಂದೇ ಇರಬಾರದು. ಎಷ್ಟು ಸಲ ಮಿಣುಕಿತು, ನಡುವೆ ಎಷ್ಟು ಸೆಕೆಂಡು ಕತ್ತಲೆ ಅಂತ ಎಣಿಸಿದರೆ ನಾವಿಕನಿಗೆ ತಾನು ಯಾವ ಊರಿನ ಮುಂದೆ ಇದ್ದೇನೆ ಅಂತ ಗೊತ್ತಾಗುತ್ತದೆ. ಹೆಸರು ಹೇಳದೆ ಗುರುತು ಹೇಳುವುದು. ನಾವು ಸರ್ವರುಗಳಿಗೆ ಬರೆಯುವ 'ನಾನು ಬದುಕಿದ್ದೇನೆ' ಸಂದೇಶವೂ ಇಷ್ಟೇ. ಈಗ ಎಲ್ಲ ಹಡಗಿನಲ್ಲೂ ಜಿಪಿಎಸ್ ಇದೆ. ಆದರೂ ದೀಪ ಆರಿಸಿಲ್ಲ, ಉಪಗ್ರಹ ಕೈಕೊಟ್ಟ ದಿನ ಇರಲಿ ಅಂತ.

ಇಳಿಯುವಾಗ ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡು ಇಳಿದ. ಅರ್ಧ ದಾರಿಯಲ್ಲಿ ತಾನಾಗೇ 1981ರ ಮಾತು ತೆಗೆದ. ಆಗ ಅವನು ಇಪ್ಪತ್ತು ದಾಟಿದ ಹುಡುಗ. ತಂಬಾಕಿಗೆ ನ್ಯಾಯದ ಬೆಲೆ ಬೇಕು ಅಂತ ಶರದ್ ಜೋಶಿಯವರ ಮುಂದಾಳತ್ವದಲ್ಲಿ ನಿಪ್ಪಾಣಿಯ ಹತ್ತಿರ ಸಾವಿರಾರು ರೈತರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಎತ್ತು ಗಾಡಿ ಸಮೇತ ವಾರಗಟ್ಟಲೆ ಕೂತಿದ್ದರು. ಏಪ್ರಿಲಿನಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಅಪ್ಪನೂ ನಾಲ್ಕು ದಿನ ಅಲ್ಲಿ ಕೂತಿದ್ದನಂತೆ, ಗೋಲಿಬಾರಿನ ಹಿಂದಿನ ವಾರ ಎಮ್ಮೆ ಈಯುವುದಿತ್ತು ಅಂತ ಮನೆಗೆ ಬಂದಿದ್ದ.

"ಆಗ ನಾವೂ ಇದನ್ನ ಕೇಳಿದ್ವಿ" ಅಂದ. "ಬೆಳೆದಾವ ನಾನು, ರೇಟು ಹೇಳಾವ ಯಾವನೋ. ಎಲ್ಲಿ ಕುಂತು ಹೇಳತಾನ ಅನ್ನೂದ ಗೊತ್ತಾಗಲಿಲ್ಲ."

ರಾತ್ರಿ ಕಾರವಾರದಲ್ಲೇ ಉಳಿದೆವು. ಊಟ ಮುಗಿಸಿ ಠಾಕೂರರ ಹೆಸರಿನ ಕಡಲತೀರಕ್ಕೆ ಬಂದು ಮರಳಿನ ಮೇಲೆ ಕೂತೆವು. ಎದುರಿಗೆ ಕತ್ತಲೆಯಲ್ಲಿ ದ್ವೀಪ ಕಾಣುವುದಿಲ್ಲ, ದೀಪ ಮಾತ್ರ. ಬೆಳಕು ಬರುವುದು, ಹೋಗುವುದು. ಅಪ್ಪ ಬೆರಳು ಮಡಚಿ ಎಣಿಸುತ್ತಿದ್ದ. ನಾನು ಮೊಬೈಲಿನಲ್ಲಿ ಸೆಕೆಂಡು ನೋಡುತ್ತಿದ್ದೆ. ಇಬ್ಬರ ಲೆಕ್ಕ ಕೂಡಲಿಲ್ಲ. ಮತ್ತೆ ಎಣಿಸಿದೆವು, ಆಗಲೂ ಕೂಡಲಿಲ್ಲ.

"ನಿಂದ ತಪ್ಪೈತಿ" ಅಂದ ಅವನು. ಸ್ವಲ್ಪ ಹೊತ್ತು ಬಿಟ್ಟು, "ತಮ್ಮಾ, ನಿಮ್ಮ ಅವ್ವಗ ಫೋನ್ ಹಚ್ಚು. ಇವತ್ತ ನಮ್ಮ ಪಾಳಿ ರಾತ್ರಿ ಕರೆಂಟ್. ಮೋಟರ್ ಚಾಲೂ ಮಾಡ್ಯಾರೇನು ಕೇಳೂಣು."